ಕ್ರೆಟಾ ದುಡ್ಡಿಗೆ ಜರ್ಮನ್ ಗಾಡಿ

ಬೆಂಗಳೂರಲ್ಲಿ ಕಾರ್ ತಗೋಬೇಕು ಅಂತ ಓಡಾಡ್ತಿರೋ ಯಾರ ಹತ್ರ ಮಾತಾಡಿದ್ರೂ ಒಂದಲ್ಲ ಒಂದ್ ಹೊತ್ತಲ್ಲಿ ಈ ಮಾತು ಬಂದೇ ಬರುತ್ತೆ. ಟಾಪ್ ಎಂಡ್ ಕ್ರೆಟಾ ಆನ್‌ರೋಡ್ 25 ಲಕ್ಷದ ಹತ್ರ ಹೋಗುತ್ತಂತೆ, ಅದೇ ದುಡ್ಡಿಗೆ ಏಳೆಂಟು ವರ್ಷದ ಜರ್ಮನ್ ಎಸ್‌ಯುವಿನೇ ಬರುತ್ತಲ್ಲ ಗುರೂ ಅಂತ. ಬರುತ್ತೆ, ಸುಳ್ಳೇನಲ್ಲ. ಹೊಸದ್ರಲ್ಲಿ 70-80 ಲಕ್ಷ ಕೊಟ್ಟು ಯಾರೋ ತಗೊಂಡಿದ್ದು, ಈಗ ಪಾಲಿಶ್ ಹೊಡೆದು ನಿಲ್ಲಿಸಿರ್ತಾರೆ, ಒಳಗೆ ಕೂತ್ರೆ ಲೆದರ್ ಸೀಟು, ತಲೆ ಮೇಲೆ ಇಷ್ಟಗಲ ಗಾಜು, ಬಾಗಿಲು ಹಾಕಿದ್ರೆ ಹೊರಗಿನ ಹಾರ್ನ್ ಎಲ್ಲಾ ಪಕ್ಕದ ಬೀದೀಲಿ ಆಗ್ತಿದೆಯೇನೋ ಅನ್ಸುತ್ತೆ. ಟೆಸ್ಟ್ ಡ್ರೈವ್ ಮುಗಿಸಿ ಬಂದೋರೆಲ್ಲ ಹೇಳೋದೂ ಒಂದೇ, "ಒಂದ್ ಚೂರೂ ಸದ್ದಿಲ್ಲ, ಬೆಣ್ಣೆ ಥರ ಹೋಗುತ್ತೆ, ಗಾಡಿ ಸೂಪರ್ ಕಂಡೀಶನ್."

ನಂಗೆ ತುಂಬಾ ದಿನದಿಂದ ಕೊರೀತಿರೋದು ಈ ಕೊನೇ ಮಾತು. ಸದ್ದಿಲ್ಲ ಅನ್ನೋದು ಕಂಡೀಶನ್‌ಗೆ ಸಾಕ್ಷಿ ಹೇಗಾಗುತ್ತೆ? ಆ ಗಾಡಿ ಮೊದಲನೇ ಮಾಲೀಕ ಅಷ್ಟೊಂದು ದುಡ್ಡು ಕೊಟ್ಟಿದ್ದೇ ಸದ್ದು ಕೇಳಿಸಬಾರದು, ಕುಲುಕಾಟ ಗೊತ್ತಾಗಬಾರದು ಅಂತ. ನಮ್ಮಪ್ಪನ ಮಾರುತಿ 800 ಇತ್ತಲ್ಲ, ಅದರ ಬೇರಿಂಗ್ ಸವೆದ್ರೆ ಇಡೀ ಬೀದಿಗೆ ಗೊತ್ತಾಗ್ತಿತ್ತು, ಕ್ಲಚ್ ಹೋಗ್ತಿದೆ ಅಂತ ಕಾಲಿಗೇ ತಿಳೀತಿತ್ತು. ಲಕ್ಷುರಿ ಗಾಡಿ ಹಾಗಲ್ಲ. ಇಂಜಿನ್ ಕೂತಿರೋ ಮೌಂಟ್ ಒಳಗೆ ಎಣ್ಣೆ ತುಂಬಿ ನಡುಕನ ಅಲ್ಲೇ ನುಂಗೋ ಹಾಗೆ ಮಾಡಿರ್ತಾರೆ, ಎಷ್ಟೋ ಗಾಡೀಲಿ ಕಿಟಕಿ ಗಾಜು ಎರಡು ಪದರ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಒಂದು ಸೋತ್ರೆ ಕಂಪ್ಯೂಟರ್ ಅದಕ್ಕೆ ಡೀಸೆಲ್ ಅಳತೆ ಹೆಚ್ಚುಕಮ್ಮಿ ಮಾಡಿ ಇಂಜಿನ್ ನಯವಾಗೇ ಓಡೋ ಹಾಗೆ ನೋಡ್ಕೊಳ್ಳುತ್ತೆ. ಗೇರ್‌ಬಾಕ್ಸ್ ಒಳಗಿನ ಕ್ಲಚ್ ಸವೆದ್ರೆ ಎಣ್ಣೆ ಒತ್ತಡ ಏರಿಸಿ ಶಿಫ್ಟ್ ಮೊದಲಿನ ಥರಾನೇ ಕೊಡುತ್ತೆ. ಸ್ಪ್ರಿಂಗ್ ಬದಲು ಗಾಳಿ ಚೀಲ ಇರೋ ಏರ್ ಸಸ್ಪೆನ್ಷನ್‌ನಲ್ಲಿ ಗಾಳಿ ಸೋರ್ತಿದ್ರೆ ಕಂಪ್ರೆಸರ್ ಮತ್ತೆ ತುಂಬಿಸಿ ಗಾಡಿನ ಮಟ್ಟಕ್ಕೆ ತರುತ್ತೆ. ಬಿಪಿ ಮಾತ್ರೆ ನುಂಗ್ಕೊಂಡು ಬಂದು ನಂಗ್ಯಾವ ಬಿಪಿನೂ ಇಲ್ಲ ನೋಡಿ ಅಂತ ತೋಳು ಚಾಚೋ ದೊಡ್ಡಪ್ಪನ ಹಾಗೆ. ರೀಡಿಂಗ್ ನಾರ್ಮಲ್ಲೇ ಬರುತ್ತೆ, ಕೇಳಬೇಕಾಗಿರೋದು ಎಷ್ಟು ಮಾತ್ರೆ ಅಂತ.

ಸೆಕೆಂಡ್‌ಹ್ಯಾಂಡ್ ಲಕ್ಷುರಿ ಗಾಡಿ ನೋಡೋಕೆ ಹೋದಾಗ ಅದು ಹೇಗೆ ಓಡುತ್ತೆ ಅಂತ ನೋಡಿದ್ರೆ ಏನೂ ಗೊತ್ತಾಗಲ್ಲ, ಹಾಗೆ ಓಡೋಕೆ ಅದು ಒಳಗೊಳಗೇ ಎಷ್ಟು ಕಷ್ಟಪಡ್ತಿದೆ ಅಂತ ನೋಡಬೇಕು. ಇದು ನಾನೇ ಕಂಡುಹಿಡಿದದ್ದಲ್ಲ. ಭಾವನಿಗೆ ಗಾಡಿ ಹುಡುಕೋಕೆ ಅಂತ ಜೊತೆಗೆ ಅಲೆದಾಗ ವಿಲ್ಸನ್ ಗಾರ್ಡನ್ ಕಡೆ ಗ್ಯಾರೇಜ್ ಇಟ್ಟಿರೋ ಒಬ್ರು ಭಾಯ್ ಕೆಲಸ ಮಾಡೋದ್ನ ಪಕ್ಕದಲ್ಲಿ ನಿಂತು ನೋಡ್ತಾ ನೋಡ್ತಾ ತಲೆಗೆ ಹತ್ತಿದ್ದು.

ಬಿಸಿ ಬಾನೆಟ್

ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಗಾಡಿ ಮಾರೋರು ಕುಟುಂಬ ಸಮೇತ ಫಾರಿನ್‌ಗೆ ಹೊರಟಿರೋ ಐಟಿ ಮನುಷ್ಯ, ಬಹಳ ಮರ್ಯಾದಸ್ತರು, ನಮಗೆ ಕಾಫಿ ಕೂಡ ತರಿಸಿದ್ರು. ಡೀಸೆಲ್ ಗಾಡಿ, ಏರ್ ಸಸ್ಪೆನ್ಷನ್ ಇರೋದು, ಯಾವ ಕಂಪನಿ ಅಂತ ಹೇಳಲ್ಲ ಬಿಡಿ. ಮೀಟರ್ 52 ಸಾವಿರ ಚಿಲ್ಲರೆ. ಭಾವನ ಮುಖ ನೋಡಿದ್ರೇ ಗೊತ್ತಾಗ್ತಿತ್ತು, ಮನಸ್ಸಲ್ಲಿ ಆಗಲೇ ಅಡ್ವಾನ್ಸ್ ಕೊಟ್ಟಾಗಿದೆ ಅಂತ. ಭಾಯ್ ಮಾತ್ರ ಗಾಡಿ ಸುತ್ತ ಒಂದ್ ಸುತ್ತೂ ಹಾಕದೆ ಸೀದಾ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ರು. ಬಿಸಿ. "ಬೆಳಿಗ್ಗೆ ವಾಶ್‌ಗೆ ತಗೊಂಡು ಹೋಗಿದ್ದೆ" ಅಂದ್ರು ಆ ಯಜಮಾನ್ರು. "ಪರವಾಗಿಲ್ಲ ಸಾರ್" ಅಂತ ಹೇಳಿ ಭಾಯ್ ಗಾಡಿ ಕಂಪ್ಯೂಟರ್ ಓದೋ ಸ್ಕ್ಯಾನರ್ ಚುಚ್ಚಿದ್ರು.

ಒಂದೂ ಎರರ್ ಇಲ್ಲ. ಇಂಜಿನ್, ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್, ಸಸ್ಪೆನ್ಷನ್, ಎಲ್ಲಾ ಹಸಿರು ಹಸಿರು. ಭಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ರು. ಭಾಯ್ ಅದೇ ಸ್ಕ್ರೀನಲ್ಲಿ ಇನ್ನೊಂದು ಪುಟಕ್ಕೆ ಹೋಗಿ ಒಂದು ಸಾಲಿನ ಮೇಲೆ ಉಗುರಿಟ್ಟು ನಂಗೆ ತೋರಿಸಿದ್ರು, ಎರರ್ ಅಳಿಸಿದ ಮೇಲೆ ಗಾಡಿ ಓಡಿರೋ ದೂರ. 14 ಕಿಲೋಮೀಟರ್. ಅದರ ಕೆಳಗೆ ಗಾಡಿ ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋ ಪಟ್ಟಿ, ಅದ್ರಲ್ಲಿ ಅರ್ಧಕ್ಕರ್ಧ ಇನ್ನೂ ಮುಗಿದಿಲ್ಲ ಅಂತ ಬರ್ತಿತ್ತು. ಅಂದ್ರೆ ಮೊನ್ನೆ ಮೊನ್ನೆ ಯಾರೋ ಎಲ್ಲಾ ಒರೆಸಿ ಹಾಕಿದಾರೆ, ಗಾಡಿಗೆ ತನ್ನ ಕಾಯಿಲೆ ಮತ್ತೆ ಪತ್ತೆ ಹಚ್ಚೋಕೆ ಟೈಮೇ ಸಿಕ್ಕಿಲ್ಲ. (ಕೆಲವು ಗಾಡೀಲಿ ಬ್ಯಾಟರಿ ಬಿಚ್ಚಿ ಹಾಕಿದ್ರೂ ಹೀಗಾಗುತ್ತೆ. ಅದಕ್ಕೇ ಭಾಯ್ ತಕ್ಷಣ ಯಾರ ಮೇಲೂ ಬೀಳಲ್ಲ, "ಬ್ಯಾಟರಿ ಯಾವಾಗ ಹಾಕ್ಸಿದ್ರಿ ಸಾರ್, ಬಿಲ್ ಇದೆಯಾ" ಅಂತ ಕೇಳ್ತಾರೆ. ಇಲ್ಲಿ ಬ್ಯಾಟರಿ ಹಾಕ್ಸಿ ಎರಡು ವರ್ಷ ಆಗಿತ್ತು.) ಈ ಒಂದು ನಂಬರ್ ಸಾದಾ ಓಬಿಡಿ ಸ್ಕ್ಯಾನರ್‌ನಲ್ಲೂ ಸಿಗುತ್ತೆ, ಆನ್‌ಲೈನಲ್ಲಿ ಒಂದೆರಡು ಸಾವಿರಕ್ಕೆ ಬರೋ ಬ್ಲೂಟೂತ್ ಡಬ್ಬೀಲೂ ಬರುತ್ತೆ. ಆದ್ರೂ ಗಾಡಿ ನೋಡೋಕೆ ಹೋಗೋರಲ್ಲಿ ಹೆಚ್ಚಿನೋರು ಎರರ್ ಇದೆಯಾ ಇಲ್ವಾ ಅಂತ ನೋಡಿ ಅಲ್ಲಿಗೇ ನಿಲ್ಲಿಸ್ತಾರೆ.

ಆಮೇಲೆ ಭಾಯ್ ಆ ಯಜಮಾನ್ರಿಗೆ ಒಂದು ರಿಕ್ವೆಸ್ಟ್ ಮಾಡಿದ್ರು. ಗಾಡಿನ ಇವತ್ತು ಹೀಗೇ ಬಿಡಿ, ನಾಳೆ ಬೆಳಿಗ್ಗೆ ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ, ಬಾಗಿಲೂ ತೆಗೀಬೇಡಿ. ಅವರು ಸರಿ ಅಂದ್ರು, ನಂಗೆ ಆಶ್ಚರ್ಯ ಆಗಿದ್ದು ಅಷ್ಟು ಸುಲಭಕ್ಕೆ ಒಪ್ಪಿದ್ದು. ಬೆಳಿಗ್ಗೆ ಹೋಗಿ ನೋಡಿದ್ರೆ ಹಿಂದಿನ ಎಡಗಡೆ ಮೂಲೆ ಕುಸಿದು ಕೂತಿದೆ. ಬಲಗಡೆ ಟೈರಿಗೂ ಮೇಲಿನ ಆರ್ಚಿಗೂ ಮಧ್ಯೆ ನಾಕು ಬೆರಳು ಹೋದ್ರೆ ಎಡಗಡೆ ಒಂದು ಬೆರಳು ಹೋಗೋದೇ ಕಷ್ಟ. ಆ ಯಜಮಾನ್ರೂ ಬಗ್ಗಿ ನೋಡಿದ್ರು, ಪಾಪ, ಅವರ ಮುಖದಲ್ಲಿ ಇದ್ದಿದ್ದು ನಿಜವಾದ ಗಾಬರಿ. ಸ್ಟಾರ್ಟ್ ಮಾಡಿದ ತಕ್ಷಣ ಕೆಳಗಡೆಯಿಂದ ಸಣ್ಣಗೆ ಗುರ್ ಅಂತ ಕಂಪ್ರೆಸರ್ ಶುರುವಾಯ್ತು, ಒಂದು ನಿಮಿಷ ಕೂಡ ಆಗಿರ್ಲಿಲ್ಲ, ಗಾಡಿ ನಿಧಾನಕ್ಕೆ ಎದ್ದು ನಾಲ್ಕೂ ಕಡೆ ಸಮ ಆಗಿ ನಿಂತ್ಕೊಂಡ್ಬಿಡ್ತು. ಇಷ್ಟು ದಿನ ಅವರು ಬೇಸ್‌ಮೆಂಟಿಗೆ ಬಂದು, ಕೂತು, ಸ್ಟಾರ್ಟ್ ಮಾಡಿ, ಸೀಟ್‌ಬೆಲ್ಟ್ ಹಾಕ್ಕೊಳ್ಳೋ ಅಷ್ಟರಲ್ಲಿ ಅದು ಎದ್ದು ನಿಂತಿರ್ತಿತ್ತು. ಅವರಿಗೂ ಅದು ಹೇಳೇ ಇಲ್ಲ. ಎರರ್ ಒರೆಸಿದ್ದು ಬಹುಶಃ ಮಾರೋಕೆ ಮುಂಚೆ ಚೆಕಪ್‌ಗೆ ಕೊಟ್ಟ ಯಾವುದೋ ಗ್ಯಾರೇಜಿನೋರು.

ಮಾರೋರು ಮುಚ್ಚಿಡ್ತಾರೆ, ಕೊಳ್ಳೋರು ಪತ್ತೆ ಹಚ್ಚಬೇಕು ಅನ್ನೋ ಲೆಕ್ಕ ಅರ್ಧ ಮಾತ್ರ ಸರಿ ಅಂತ ಅವತ್ತಿಂದ ನಂಗೆ ಅನ್ಸಿದೆ. ಮನುಷ್ಯ ಒಳ್ಳೆಯೋರಾ ಅಂತ ನೋಡಿ ಗಾಡಿ ತಗೊಳ್ಳೋದು ನಮ್ಮ ಕಡೆ ಅಭ್ಯಾಸ, "ಡಾಕ್ಟರ್ ಓಡಿಸಿದ ಗಾಡಿ", "ಬ್ಯಾಂಕ್ ಮ್ಯಾನೇಜರ್ ಗಾಡಿ" ಅಂತೆಲ್ಲಾ ಹೇಳಿ ಮಾರ್ತಾರೆ. ಈ ಮನುಷ್ಯ ಒಳ್ಳೆಯೋರೇ. ಅವರಿಗೇ ಗೊತ್ತಿಲ್ಲದ್ದನ್ನ ಅವರಾದ್ರೂ ಹೇಗೆ ಹೇಳ್ತಾರೆ? ಆ ಸೋರಿಕೆ ಹಾಗೇ ಬಿಟ್ರೆ ಆಗೋದು ಇಷ್ಟೇ, ದಿನಾ ಜಾಸ್ತಿ ಹೊತ್ತು ಓಡಿ ಓಡಿ ಕಂಪ್ರೆಸರ್ ಸುಟ್ಟು ಹೋಗುತ್ತೆ, ಆವಾಗ ಗಾಳಿ ಸೋರ್ತಿರೋ ಸ್ಟ್ರಟ್ (ಚಕ್ರದ ಮೇಲಿನ ಸಸ್ಪೆನ್ಷನ್ ಕಂಬ) ಜೊತೆ ಕಂಪ್ರೆಸರ್ ದುಡ್ಡೂ ಸೇರಿ ಲಕ್ಷಗಳ ಮಾತು.

ಅದೇ ಬೆಳಿಗ್ಗೆ ಇನ್ನೂ ಎರಡು ವಿಷಯ ಆಚೆ ಬಂತು. ತಣ್ಣಗಿರೋ ಇಂಜಿನ್ ಐಡಲ್‌ನಲ್ಲಿ ಓಡ್ತಿದ್ದಾಗ ಒಂದೊಂದು ಸಿಲಿಂಡರ್‌ಗೆ ಕಂಪ್ಯೂಟರ್ ಎಷ್ಟೆಷ್ಟು ಡೀಸೆಲ್ ಹೆಚ್ಚುಕಮ್ಮಿ ಮಾಡ್ತಿದೆ ಅನ್ನೋ ಪಟ್ಟಿ ಭಾಯ್ ತೆಗೆದ್ರು. ಐದು ಸಿಲಿಂಡರ್ ಸೊನ್ನೆ ಅಕ್ಕಪಕ್ಕದಲ್ಲೇ ಆಡ್ತಿದ್ವು, ಒಂದು ಮಾತ್ರ ಎಲ್ಲೋ ದೂರದಲ್ಲಿ ನಿಂತಿತ್ತು. ಸ್ಟೀರಿಂಗ್ ಮೇಲೆ ಕೈ ಇಟ್ರೆ ನಡುಕ ಸೊನ್ನೆ. ಎಷ್ಟರವರೆಗೂ ಹೆಚ್ಚುಕಮ್ಮಿ ಆದ್ರೆ ಸರಿ ಅನ್ನೋದು ಒಂದೊಂದು ಇಂಜಿನಿಗೂ ಬೇರೆ, ಅದಕ್ಕೆ ಭಾಯ್ ಅಂಕಿ ನೋಡೋದಕ್ಕಿಂತ ಜಾಸ್ತಿ ಗುಂಪು ಬಿಟ್ಟಿರೋದು ಯಾವುದು ಅಂತ ನೋಡ್ತಾರೆ. ಎರಡನೇದು ಟೈರು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ಗೊತ್ತಲ್ಲ, 2319 ಅಂದ್ರೆ 2019ರ 23ನೇ ವಾರ ಮಾಡಿದ್ದು. ಈ ಗಾಡೀಲಿ ಹಿಂದಿನವೆರಡು ಹೊಚ್ಚ ಹೊಸದು, ಮುಂದಿನವೆರಡು ಹಳೇದು, ಬ್ರ್ಯಾಂಡೂ ಬೇರೆ. ಆಲ್ಟೋದಲ್ಲಾದ್ರೆ ಇದು ವಿಷಯಾನೇ ಅಲ್ಲ. ನಾಲ್ಕೂ ಚಕ್ರಕ್ಕೆ ಯಾವಾಗ್ಲೂ ಪವರ್ ಹೋಗೋ ಗಾಡೀಲಿ ಮುಂದೆ ಹಿಂದೆ ಟೈರಿನ ಸುತ್ತಳತೆ ಬೇರೆ ಆದ್ರೆ ಮಧ್ಯೆ ಇದ್ದು ಪವರ್ ಹಂಚೋ ಟ್ರಾನ್ಸ್‌ಫರ್ ಕೇಸ್ ಆ ವ್ಯತ್ಯಾಸನ ಸಾಯೋವರೆಗೂ ತಿನ್ನುತ್ತೆ. ಬೇಸ್‌ಮೆಂಟಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಡೆಯೋ ಸ್ಪೀಡಲ್ಲಿ ಎರಡು ರೌಂಡ್ ಹಾಕ್ಸಿದ್ರು ಭಾಯ್. ಗಡ ಗಡ ಅಂತ ಕಾಲ ಕೆಳಗೆ ತುಂಬಾ ಮೆತ್ತಗೆ ಒಂದು ಅದುರು. ರೋಡಲ್ಲಿ ಓಡಿಸಿದ್ರೆ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ.

ಭಾವ ವಾಪಸ್ ಬರೋವಾಗ ಬೆಳ್ಳಂದೂರು ಸಿಗ್ನಲ್ ದಾಟೋವರೆಗೂ ಒಂದು ಮಾತಾಡಿಲ್ಲ. ಆಮೇಲೆ "ಒಂದ್ ಎರಡ್ ಲಕ್ಷ ಕಮ್ಮಿ ಮಾಡ್ಸಿದ್ರೆ?" ಅಂತ ಕೇಳಿದ್ರು. ಭಾಯ್ ನಕ್ಕು ಸುಮ್ಮನಾದ್ರು.

ಕಿಲೋಮೀಟರ್ ಕಮ್ಮಿ ಅಂತೆ

ಇದೇ ಗಾಡಿ 52 ಸಾವಿರ ಮಾತ್ರ ಓಡಿದೆ ಅನ್ನೋದು ಭಾವನಿಗೆ ದೊಡ್ಡ ಪಾಯಿಂಟಾಗಿತ್ತು. ಮೀಟರ್ ತಿರುಗಿಸೋ ವಿಷಯ ಎಲ್ರಿಗೂ ಗೊತ್ತಿರೋದೇ, ಅದ್ನ ನಾನಿಲ್ಲಿ ಎಳೆಯಲ್ಲ. ಈ ಗಾಡಿಗಳಲ್ಲಿ ಕಿಲೋಮೀಟರ್ ಮೀಟರಲ್ಲಿ ಮಾತ್ರ ಇರಲ್ಲ, ಒಳಗಿರೋ ಬೇರೆ ಬೇರೆ ಮಾಡ್ಯೂಲಲ್ಲೂ (ಸಣ್ಣ ಸಣ್ಣ ಕಂಪ್ಯೂಟರ್) ಬರೆದಿಟ್ಟಿರುತ್ತೆ, ಬಿಎಂಡಬ್ಲ್ಯೂ ಥರದ್ರಲ್ಲಿ ಕೀಲಿಕೈ ಒಳಗೂ ಇರುತ್ತೆ, ಎಲ್ಲಾ ಕಡೆ ತಿದ್ದೋಕೆ ತಾಳ್ಮೆ ಎಲ್ಲರಿಗೂ ಇರಲ್ಲ. ನಂಗೆ ಇದಕ್ಕಿಂತ ಆಸಕ್ತಿ ಇರೋದು ಮೀಟರ್ ನಿಜಾನೇ ಹೇಳ್ತಿದ್ರೂ ಅದು ನಮ್ಮ ಊರಲ್ಲಿ ಎಷ್ಟು ಸುಳ್ಳು ಅನ್ನೋದು. ಟ್ರಾಫಿಕ್ ಲೆಕ್ಕ ಇಡೋ ಟಾಮ್‌ಟಾಮ್ ಕಂಪನಿಯೋರ 2023ರ ಲೆಕ್ಕದಲ್ಲಿ ಬೆಂಗಳೂರು ಮಧ್ಯಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ 28 ನಿಮಿಷ 10 ಸೆಕೆಂಡ್. ಗಂಟೆಗೆ 21 ಕಿಲೋಮೀಟರ್ ಅಂತಿಟ್ಕೊಳ್ಳಿ. ಆ ಲೆಕ್ಕದಲ್ಲಿ 50 ಸಾವಿರ ಕಿಲೋಮೀಟರ್‌ಗೆ ಇಂಜಿನ್ ಹತ್ರ ಹತ್ರ 2,400 ಗಂಟೆ ಓಡಿರುತ್ತೆ. ಅದೇ ಹೈವೇಯಲ್ಲಿ ಸರಾಸರಿ 65ರಲ್ಲಿ ಓಡಿದ ಗಾಡಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ್ರೂ ಅಷ್ಟು ಗಂಟೆ ಆಗಲ್ಲ. ಎಣ್ಣೆ ಹಳೇದಾಗೋದು ಗಂಟೆ ಲೆಕ್ಕದಲ್ಲಿ, ಸರ್ವಿಸ್ ಪುಸ್ತಕದಲ್ಲಿ ಬರೆದಿರೋದು ಕಿಲೋಮೀಟರ್ ಲೆಕ್ಕದಲ್ಲಿ, 15 ಸಾವಿರಕ್ಕೊಮ್ಮೆ ಅಂತ. ಸಿಲ್ಕ್ ಬೋರ್ಡಲ್ಲಿ ನಿಂತು ನಿಂತು 15 ಸಾವಿರ ಮಾಡಿದ ಎಣ್ಣೆ ಹೇಗಿರುತ್ತೆ ಅಂತ ಎಣ್ಣೆ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡೋಣ ಅಂದ್ರೆ ಎಷ್ಟೋ ಗಾಡೀಲಿ ಡಿಪ್‌ಸ್ಟಿಕ್ಕೇ ಇಟ್ಟಿರಲ್ಲ, ಅದೂ ಸ್ಕ್ರೀನಲ್ಲೇ ನೋಡ್ಕೊಬೇಕು.

ಹಾಳಾದ ಎಣ್ಣೆ ಮೊದಲು ತಿನ್ನೋದು ಚೈನು, ಟರ್ಬೋ. ಬಿಎಂಡಬ್ಲ್ಯೂ ಅವರ ಎನ್47 ಅನ್ನೋ ಎರಡು ಲೀಟರ್ ಡೀಸೆಲ್ ಇಂಜಿನ್ ಕಥೆ ಹಳೇ ಗಾಡಿ ಹುಡುಕೋರಿಗೆಲ್ಲ ಗೊತ್ತಿರುತ್ತೆ. ಅದ್ರಲ್ಲಿ ಇಂಜಿನ್ ಒಳಭಾಗನೆಲ್ಲಾ ಒಂದೇ ತಾಳಕ್ಕೆ ತಿರುಗಿಸೋ ಟೈಮಿಂಗ್ ಚೈನ್ ಇರೋದು ಇಂಜಿನ್ ಹಿಂಬದಿ, ಗೇರ್‌ಬಾಕ್ಸ್ ಕಡೆ. ಚೈನ್ ಬೆಲೆ ಏನೂ ಜಾಸ್ತಿ ಇಲ್ಲ, ಅದರ ಹತ್ರ ಹೋಗೋಕೆ ಇಂಜಿನ್ನೋ ಗೇರ್‌ಬಾಕ್ಸೋ ಇಳಿಸಬೇಕಲ್ಲ, ದುಡ್ಡು ಅದಕ್ಕೆ. ಚೈನ್ ಸಡಿಲ ಆಗಿರೋದು ತಣ್ಣಗಿರೋ ಇಂಜಿನ್ ಸ್ಟಾರ್ಟ್ ಆದ ಮೊದಲ ಕೆಲವೇ ಸೆಕೆಂಡಲ್ಲಿ ಸಣ್ಣ ಸರಪಳಿ ಎಳೆದ ಹಾಗೆ ಕೇಳ್ಸುತ್ತೆ, ಎಣ್ಣೆ ಒತ್ತಡ ಬಂದ್ಮೇಲೆ ಮಾಯ. ಬಾನೆಟ್ ಬಿಸಿ ಇದ್ರೆ ಭಾಯ್‌ಗೆ ಯಾಕೆ ಆಗಲ್ಲ ಅಂತ ಈಗ ಅರ್ಥ ಆಯ್ತಲ್ಲ.

ಇನ್ನು ಡಿಪಿಎಫ್. ಡೀಸೆಲ್ ಹೊಗೇಲಿರೋ ಮಸಿ ಹಿಡಿದಿಟ್ಟು, ತುಂಬಿದಾಗ ಸುಟ್ಟು ಹಾಕೋ ಫಿಲ್ಟರ್. ಸುಡಬೇಕು ಅಂದ್ರೆ ಗಾಡಿ ಹದಿನೈದಿಪ್ಪತ್ತು ನಿಮಿಷ ಒಂದೇ ಹದದಲ್ಲಿ ವೇಗವಾಗಿ ಓಡಬೇಕು. ಇಂದಿರಾನಗರದ ಮನೆಯಿಂದ ಎಂ.ಜಿ. ರೋಡ್ ಆಫೀಸಿಗೆ ಮಾತ್ರ ಹೋಗಿ ಬರೋ ಗಾಡಿಗೆ ಆ ಯೋಗ ಎಲ್ಲಿ ಬರಬೇಕು. ಸುಡೋಕೆ ಶುರು ಮಾಡುತ್ತೆ, ಅಷ್ಟ್ರಲ್ಲಿ ಆಫೀಸ್ ಬಂತು, ಆಫ್. ಮತ್ತೆ ಸಂಜೆ ಶುರು, ಮತ್ತೆ ಆಫ್. ಹೀಗೆ ಅರ್ಧಂಬರ್ಧ ಆದಾಗೆಲ್ಲಾ ಎಕ್ಸ್‌ಟ್ರಾ ಚೆಲ್ಲಿದ ಡೀಸೆಲ್ ಜಾರಿ ಇಂಜಿನ್ ಎಣ್ಣೆಗೆ ಸೇರಿ ಎಣ್ಣೆ ತೆಳ್ಳಗಾಗುತ್ತೆ. ಎಣ್ಣೆ ಮಟ್ಟ ಕಮ್ಮಿ ಇರೋದಕ್ಕಿಂತ ಜಾಸ್ತಿ ಇರೋದು ನೋಡಿ ಭಾಯ್ ಹೆದರೋದು ಇದಕ್ಕೇ. ಬಿಎಸ್6 ಅನ್ನೋ ಹೊಗೆ ನಿಯಮ ಬಂದ 2020ರ ಏಪ್ರಿಲ್ ಆದ್ಮೇಲಿನ ಡೀಸೆಲ್ ಗಾಡಿ ನೋಡೋರು, ಕಿಲೋಮೀಟರ್ ಕಮ್ಮಿ ಅಂತ ಕುಣಿಯೋ ಮುಂಚೆ ಅದು ಎಲ್ಲಿಂದ ಎಲ್ಲಿಗೆ ಓಡ್ತಿತ್ತು ಅಂತ ಕೇಳೋದು ವಾಸಿ.

ಮತ್ತೆ ನಮ್ಮ ಹವೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿರೋದು, ಬೇಸಿಗೇಲೂ ರಾಯಚೂರು ಬಳ್ಳಾರಿ ಬಿಸಿಲಿನ ಹತ್ರಕ್ಕೂ ಹೋಗಲ್ಲ. ಕೂಲಂಟ್ ಪೈಪಿನ ಪ್ಲಾಸ್ಟಿಕ್ ಜಾಯಿಂಟ್, ಥರ್ಮೋಸ್ಟ್ಯಾಟ್ ಡಬ್ಬಿ, ವಾಟರ್ ಪಂಪ್, ಇವೆಲ್ಲ ಒಣಗಿ ಬಿರುಕು ಬಿಟ್ಟಿದ್ರೂ ಇಲ್ಲಿ ಹೇಗೋ ನಡ್ಕೊಂಡು ಹೋಗುತ್ತೆ. ಫ್ಯಾಮಿಲಿ ಸಮೇತ ಮೊದಲನೇ ಸಲ ಘಾಟಿ ಹತ್ತಿದಾಗ ಟೆಂಪರೇಚರ್ ಏರೋದು. ಟೆಸ್ಟ್ ಡ್ರೈವ್ ಕೊಡೋರು ನಿಮ್ಮನ್ನ ಲ್ಯಾವೆಲ್ಲೆ ರೋಡಲ್ಲೇ ಎರಡು ಸುತ್ತು ಹಾಕ್ಸಿ ಕಳಿಸ್ತೀವಿ ಅಂದ್ರೆ ಒಪ್ಕೋಬೇಡಿ, ನಂದಿ ಬೆಟ್ಟದವರೆಗೂ ಹೋಗಿಬರೋಣ ಅನ್ನಿ, ಪೆಟ್ರೋಲ್ ನಾವೇ ಹಾಕ್ಸ್ತೀವಿ ಅನ್ನಿ. ಬೆಟ್ಟ ಹತ್ತಿಸೋಕೆ ಹಿಂದೆ ಮುಂದೆ ನೋಡಿದ್ರೆ ಅದೂ ಒಂದು ಉತ್ತರಾನೇ.

ನೀರು ಕುಡಿದ ಗಾಡಿ, ದೆಹಲಿ ಗಾಡಿ

2022ರ ಸೆಪ್ಟೆಂಬರ್ ಮಳೆ ನೆನಪಿರಬೇಕಲ್ಲ, ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಕೋಟಿ ಬೆಲೆಯ ವಿಲ್ಲಾ ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದಿದ್ದು. ಜನ ಬಂದ್ರು, ಅವರ ಗಾಡಿಗಳು ಮುಳುಗಿ ಅಲ್ಲೇ ಇದ್ವು. ರಿಪೇರಿ ಖರ್ಚು ಐಡಿವಿಯ (ಪಾಲಿಸೀಲಿ ಗಾಡಿಗೆ ಕಟ್ಟಿರೋ ಬೆಲೆ) 75 ಪರ್ಸೆಂಟ್ ದಾಟಿದ್ರೆ ಇನ್ಶೂರೆನ್ಸ್‌ನೋರು ಟೋಟಲ್ ಲಾಸ್ ಅಂತ ದುಡ್ಡು ಕೊಟ್ಟು ಗಾಡಿನ ಹರಾಜಿಗೆ ಹಾಕ್ತಾರೆ. ಹರಾಜಲ್ಲಿ ತಗೊಂಡೋರು ಅದನ್ನೇನು ಮ್ಯೂಸಿಯಮ್ಮಲ್ಲಿಡಲ್ಲ. ಒಣಗಿಸಿ, ಕಾರ್ಪೆಟ್ ತೊಳೆದು, ಘಮ ಘಮ ಅನ್ನೋ ಹಾಗೆ ಸೆಂಟ್ ಹೊಡೆದು ನಿಲ್ಲಿಸಿದ್ರೆ ಅದೂ "ಸೂಪರ್ ಕಂಡೀಶನ್"ನೇ. ಸೀಟ್‌ಬೆಲ್ಟನ್ನ ಕೊನೇವರೆಗೂ ಎಳೆದು ಅದರ ಬುಡದಲ್ಲಿ ಮಣ್ಣಿನ ಕಲೆ ಇದೆಯಾ ನೋಡಿ ಅಂತ ಎಲ್ಲರೂ ಹೇಳೋದೇ, ಅದನ್ನ ಮಾರೋರೂ ಕೇಳಿಸ್ಕೊಂಡಿದಾರೆ. ಭಾಯ್ ನೋಡೋದು ಬೇರೆ ಕಡೆ, ಸೀಟಿನ ಕೆಳಗೆ ಹೋಗೋ ವೈರ್ ಕನೆಕ್ಟರ್ ಬಿಚ್ಚಿ ತಾಮ್ರಕ್ಕೆ ಹಸಿರು ಹತ್ತಿದೆಯಾ, ಕಾರ್ಪೆಟ್ ಕೆಳಗಿನ ಸ್ಪಂಜನ್ನ ಒತ್ತಿದ್ರೆ ತೇವ ಬರುತ್ತಾ, ಸ್ಟೆಪ್ನಿ ಗುಂಡೀಲಿ ನೀರು ನಿಂತ ಗೆರೆ ಇದೆಯಾ. ಗಾಡಿ ಮುಳುಗಿಲ್ಲದಿದ್ರೂ ತೇವ ಇರಬಹುದು, ಸನ್‌ರೂಫ್ ನೀರು ಹೋಗೋ ನಾಲ್ಕು ಸಣ್ಣ ಪೈಪಲ್ಲಿ ಎಲೆ ಕಸ ಕಟ್ಕೊಂಡ್ರೆ ಆ ನೀರು ಒಳಗೇ ಇಳಿದು ಕಾರ್ಪೆಟ್ ಕೆಳಗಿರೋ ಮಾಡ್ಯೂಲ್ ಮೇಲೆ ಬೀಳುತ್ತೆ. ಮರದ ಕೆಳಗೆ ಪಾರ್ಕ್ ಮಾಡೋ ಊರು ನಮ್ಮದು, ಇದು ಪ್ರವಾಹಕ್ಕಿಂತ ಜಾಸ್ತಿ.

ಹಳೇ ಇನ್ಶೂರೆನ್ಸ್ ಪಾಲಿಸಿ ಕಾಪಿ ಕೇಳೋದು ಇನ್ನೊಂದು. ಕ್ಲೇಮ್ ಮಾಡದ ವರ್ಷಕ್ಕೆ ನೋ ಕ್ಲೇಮ್ ಬೋನಸ್ 20ರಿಂದ ಶುರುವಾಗಿ 25, 35, 45, 50 ಪರ್ಸೆಂಟ್‌ವರೆಗೂ ಏರುತ್ತೆ. ಒಂದೇ ಮಾಲೀಕನ ಹತ್ರ ಆರು ವರ್ಷ ಇರೋ ಗಾಡಿಗೆ ಬೋನಸ್ ಸೊನ್ನೆ ಅಂದ್ರೆ ಹೋದ ವರ್ಷ ಏನೋ ಆಗಿದೆ. ಏನಾಯ್ತು ಅಂತ ಕೇಳಿ, "ಬಂಪರ್ ಗೀಚಿತ್ತು" ಅಂದ್ರೆ ಬಿಲ್ ಎಷ್ಟಾಯ್ತು ಅಂತ ಕೇಳಿ. ಬೋನಸ್ ಗಾಡಿದಲ್ಲ, ಮಾಲೀಕಂದು, ಹಳೇ ಕಾರಿಂದ ಎತ್ಕೊಂಡು ಬಂದಿರಬಹುದು, ಅದಕ್ಕೇ ಒಂದು ವರ್ಷದ್ದಲ್ಲ, ಎರಡು ಮೂರು ವರ್ಷದ್ದು ಕೇಳೋದು.

ದೆಹಲಿ ಗಾಡಿ ವಿಷಯ ಬೇಗ ಮುಗಿಸ್ತೀನಿ. 2015ರಲ್ಲಿ ಹಸಿರು ನ್ಯಾಯಮಂಡಳಿ 10 ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಮತ್ತೆ ಅದರ ಸುತ್ತಮುತ್ತಲಿನ ಎನ್‌ಸಿಆರ್‌ನಲ್ಲಿ ಓಡಬಾರದು ಅಂತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು, ಆವಾಗಿಂದ ಅಲ್ಲಿನ ಡೀಸೆಲ್ ಎಸ್‌ಯುವಿಗಳು ವಯಸ್ಸಾಗೋ ಮುಂಚೆ ಕಮ್ಮಿ ರೇಟಿಗೆ ದಕ್ಷಿಣದ ಕಡೆ ಬರೋಕೆ ಶುರುವಾದ್ವು. ಇಲ್ಲಿಗಿಂತ ನಾಲ್ಕೈದು ಲಕ್ಷ ಅಗ್ಗ ಕಾಣುತ್ತೆ. ಆದ್ರೆ ನಮ್ಮಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 18 ಪರ್ಸೆಂಟ್, ಮೇಲೆ ಸೆಸ್. ಹೊರಗಿನ ಗಾಡಿಗೆ ವಯಸ್ಸಿನ ಲೆಕ್ಕದಲ್ಲಿ ಕಡಿತ ಇದ್ರೂ ಲೆಕ್ಕ ಶುರುವಾಗೋದು ನೀವು ಕೊಟ್ಟ ರೇಟಿಂದ ಅಲ್ಲ, ಅದು ಹೊಸದಾಗಿದ್ದಾಗಿನ ರೇಟಿಂದ. ಎನ್‌ಒಸಿ, ಕೆಎ ನಂಬರ್, ಆರ್‌ಟಿಒ ಓಡಾಟ ಎಲ್ಲಾ ಸೇರಿಸಿದ್ರೆ ಅಗ್ಗ ಅನ್ನೋದು ಅಲ್ಲೇ ಕರಗಿ ಹೋಗಿರುತ್ತೆ, ಗಾಡಿನ ಯಾರು ಹೇಗೆ ಓಡಿಸಿದ್ರು ಅಂತ ಕೇಳೋಕೆ ಒಂದು ಮುಖಾನೂ ಸಿಗಲ್ಲ.

ಜಾಬ್ ಕಾರ್ಡಿನ ಕೊನೇ ಸಾಲು

ಜಯನಗರದಲ್ಲಿ ಒಬ್ರು ರಿಟೈರ್ಡ್ ಡಾಕ್ಟ್ರು ಮಾರ್ತಿದಾರೆ ಅಂತ ಅಕ್ಕನ ಕಡೆಯಿಂದ ಸುದ್ದಿ ಬಂತು. ಹೋಗಿ ನೋಡಿದ್ರೆ ಭಾವನಿಗೆ ಮೊದಲ ನೋಟಕ್ಕೇ ಬೇಜಾರು. ಮನೆ ಮುಂದೆ ಹೊಂಗೆ ಮರದ ಕೆಳಗೆ ಧೂಳು ಹಿಡಿದು ನಿಂತಿದೆ, ಬಂಪರ್ ಎರಡೂ ಕಡೆ ಗೀಚಿದೆ, ಬಣ್ಣ ಒಂಥರಾ ಮಣ್ಣಿನ ಬಣ್ಣ, ಮೀಟರ್ 1,13,000. ಡಾಕ್ಟ್ರು ಬನಿಯನ್ ಮೇಲೆ ಶರ್ಟ್ ಹಾಕ್ಕೋತಾ ಆಚೆ ಬಂದು, ನಮಸ್ಕಾರಾನೂ ಸರಿಯಾಗಿ ಮುಗಿದಿರ್ಲಿಲ್ಲ, ಗಾಡೀಲಿ ಏನೇನು ಹಾಳಾಗಿದೆ ಅಂತ ಪೇಶಂಟ್ ಹಿಸ್ಟರಿ ಹೇಳೋ ಹಾಗೆ ಶುರು ಮಾಡಿದ್ರು. ಮುಂದಿನ ಲೋವರ್ ಆರ್ಮ್ ಬುಶ್ ಹೋಗಿದೆ, ರೋಡ್ ಹಂಪ್ ದಾಟೋವಾಗ ಟಕ್ ಅನ್ನುತ್ತೆ. ಇಂಜಿನ್ ಮೇಲಿನ ಕವರ್ ಗ್ಯಾಸ್ಕೆಟ್‌ನಲ್ಲಿ ಎಣ್ಣೆ ಜಿನುಗ್ತಿದೆ. ಹಿಂದಿನ ಎಸಿ ಒಂದೊಂದ್ಸಲ ಮುನಿಸ್ಕೊಳ್ಳುತ್ತೆ. "ಇಷ್ಟು ನಂಗೊತ್ತಿರೋದು, ಗೊತ್ತಿಲ್ಲದ್ದು ನೀವು ಹುಡುಕ್ಕೊಳ್ಳಿ" ಅಂತ ಹೇಳಿ ಒಂದು ದಪ್ಪ ಬಾಕ್ಸ್ ಫೈಲ್ ತಂದು ಬಾನೆಟ್ ಮೇಲಿಟ್ರು.

ಭಾಯ್ ಅವತ್ತು ಗಾಡಿಗಿಂತ ಜಾಸ್ತಿ ಹೊತ್ತು ನೋಡಿದ್ದು ಆ ಫೈಲು. ಸರ್ವಿಸ್ ಹಿಸ್ಟರಿ ಅಂದ್ರೆ ಎಷ್ಟು ಸೀಲ್ ಬಿದ್ದಿದೆ ಅಂತ ಎಣಿಸೋದು ಅಂದ್ಕೊಂಡಿದ್ದೆ ನಾನು. ಅವರು ಸರ್ವಿಸ್ ಸೆಂಟರ್‌ನೋರು ಪ್ರತಿ ಸಲ ಬರೆದು ಕೊಡೋ ಜಾಬ್ ಕಾರ್ಡ್ ಒಂದೊಂದೇ ತೆಗೆದು ಮೇಲಿನದ್ದೆಲ್ಲಾ ಬಿಟ್ಟು ನೇರ ಕೆಳಗಿನ ಸಾಲಿಗೆ ಹೋಗ್ತಿದ್ರು. ಅಲ್ಲಿ ಸರ್ವಿಸ್ ಅಡ್ವೈಸರ್ ಬರೆದಿರ್ತಾರೆ, ಮುಂದಿನ ಸಲಕ್ಕೆ ಬ್ರೇಕ್ ಡಿಸ್ಕ್ ಬೇಕು, ಕೂಲಂಟ್ ಸೋರ್ತಿದೆ ಗಮನಿಸಿ, ಕಸ್ಟಮರ್ ಬೇಡ ಅಂದ್ರು, ಅಂತ. ಆಮೇಲೆ ಅದರ ಮುಂದಿನ ಬಿಲ್ ತೆಗೆದು ಅಲ್ಲಿ ಆ ಕೆಲಸ ಆಗಿದೆಯಾ ಅಂತ ನೋಡೋದು. ಸರ್ಜಾಪುರ ರಸ್ತೆ ಗಾಡಿಗೂ ಸೀಲೆಲ್ಲಾ ಸರಿಯಾಗೇ ಇತ್ತು, ಆದ್ರೆ ಕೊನೇ ಎರಡು ವರ್ಷದ ಕಾರ್ಡಲ್ಲಿ ಕೆಳಗಿನ ಸಾಲು ಉದ್ದ ಆಗ್ತಾ ಹೋಗಿತ್ತು, ಬಿಲ್ ಚಿಕ್ಕದಾಗ್ತಾ ಬಂದಿತ್ತು. ಮಾರೋ ಮನಸ್ಸು ಮಾಡಿದ ಮನುಷ್ಯ ಗಾಡಿಗೆ ದುಡ್ಡು ಹಾಕೋದು ನಿಲ್ಲಿಸ್ತಾನೆ, ಅದು ಸಹಜಾನೇ, ಗಾಡಿನೂ ಒಂದೆರಡು ವರ್ಷ ಹೇಗೋ ತಡ್ಕೊಂಡು ಹೋಗುತ್ತೆ. ತಡ್ಕೊಂಡಿದ್ದರ ಬಿಲ್ ಮುಂದಿನ ಮಾಲೀಕನಿಗೆ. ಡಾಕ್ಟ್ರ ಫೈಲಲ್ಲಿ ಕೆಳಗೆ ಬಂದ ಸಾಲು ಮುಂದಿನ ಬಿಲ್ಲಲ್ಲಿ ಮೇಲೆ ಹೋಗಿತ್ತು, ಕೊನೇ ಕಾರ್ಡ್ ಒಂದು ಬಿಟ್ಟು.

ಒಂದು ಬಿಲ್ ಹತ್ರ ಭಾಯ್ ನಿಂತ್ರು. 84 ಸಾವಿರದಲ್ಲಿ ಗೇರ್‌ಬಾಕ್ಸ್ ಎಣ್ಣೆ, ಫಿಲ್ಟರ್ ಸಮೇತ ಪ್ಲಾಸ್ಟಿಕ್ ಪ್ಯಾನ್ ಬದಲಾಯಿಸಿದ್ದು. "ಸರ್ವಿಸ್ ಸೆಂಟ್ರಲ್ಲಿ ಇದು ಲೈಫ್‌ಟೈಮ್ ಎಣ್ಣೆ, ಬದಲಾಯ್ಸೋದೇ ಬೇಡ ಅಂದಿರ್ತಾರಲ್ಲ ಸಾರ್" ಅಂತ ಕೇಳಿದ್ರು. ಡಾಕ್ಟ್ರಿಗೆ ಅಷ್ಟು ಸಾಕಾಯ್ತು. ಅವತ್ತು ಅಡ್ವೈಸರ್ ಜೊತೆ ಆದ ಜಗಳ ಪೂರ್ತಿ ಹೇಳಿದ್ರು, ಯಾರ ಲೈಫು, ಗಾಡೀದಾ ವಾರಂಟೀದಾ ಅಂತ ಕೇಳಿದ್ರಂತೆ. ಆ ಎಂಟು ಗೇರಿನ ಗೇರ್‌ಬಾಕ್ಸ್ ಮಾಡೋ ಝಡ್‌ಎಫ್ ಕಂಪನಿನೇ 80 ಸಾವಿರದಿಂದ 1,20,000 ಕಿಲೋಮೀಟರ್ ಒಳಗೆ ಎಣ್ಣೆ ಬದಲಾಯ್ಸಿ ಅಂತ ಹೇಳುತ್ತೆ, ಅದನ್ನ ಗಾಡಿಗೆ ಹಾಕಿ ಮಾರೋ ಕಂಪನಿಗಳು ಲೈಫ್‌ಟೈಮ್ ಅಂತಾವೆ. ಗಾಡಿ ಓಡಿರೋದು ಹೆಚ್ಚಾಗಿ ಶಿವಮೊಗ್ಗಕ್ಕೆ, ಮಗಳ ಮನೆಗೆ. 1,13,000 ಓಡಿದ್ರೂ ಗಂಟೆ ಲೆಕ್ಕ ಹಾಕಿದ್ರೆ ಆ 52 ಸಾವಿರದ ಗಾಡಿಗಿಂತ ಇದು ಚಿಕ್ಕದು.

ತಣ್ಣನೆ ಸ್ಟಾರ್ಟ್, ಫುಲ್ ಲಾಕ್ ರೌಂಡ್, ಇಂಜೆಕ್ಟರ್ ಪಟ್ಟಿ, ಇಲ್ಲೂ ಎಲ್ಲಾ ಆಯ್ತು. ಸ್ಕ್ಯಾನರಲ್ಲಿ ಎರರ್ ಐದಾರು ಬಂತು! ಭಾವ ನನ್ನ ಕಡೆ ನೋಡಿದ್ರು. ಎಲ್ಲಾ ಹಳೇವು, ಎಷ್ಟು ಕಿಲೋಮೀಟರಲ್ಲಿ ಬಂದಿದ್ದು ಅಂತಾನೂ ಬರೆದಿತ್ತು, ಯಾರೂ ಒರೆಸೋಕೆ ಹೋಗಿಲ್ಲ, ಅದ್ರಲ್ಲಿ ಎಸಿದೂ ಒಂದು. ನಾಲ್ಕನೇ ಸಿಲಿಂಡರ್ ಮಿಕ್ಕಿದ್ದಕ್ಕಿಂತ ಸ್ವಲ್ಪ ಈಚೆ ಇತ್ತು, ಗುಂಪು ಬಿಟ್ಟು ಹೋಗೋ ಅಷ್ಟಿಲ್ಲ. ರೇಟ್ ಮಾತಾಡೋಕೆ ಕೂತಾಗ ಭಾವ ಲೋವರ್ ಆರ್ಮ್, ಗ್ಯಾಸ್ಕೆಟ್, ಬಂಪರ್ ಪೇಂಟ್ ಅಂತ ಪಟ್ಟಿ ಓದಿ ಎರಡು ಲಕ್ಷ ಇಳಿಸಿ ಸಾರ್ ಅಂದ್ರು. ಡಾಕ್ಟ್ರು ಜಗ್ಗಲಿಲ್ಲ. "ಪಟ್ಟಿ ನಾನೇ ಕೊಟ್ಟಿದ್ದು, ಅದನ್ನ ಕಳೆದೇ ರೇಟ್ ಹೇಳಿರೋದು. ಆ ಫೈಲೂ ಸೇರಿ ಈ ರೇಟು, ಫೈಲ್ ಬೇಡ ಅಂದ್ರೆ ಹೇಳಿ, ಕಮ್ಮಿ ಮಾಡ್ತೀನಿ."

ಭಾವ ಆಚೆ ಬಂದು ನನ್ನ ಹತ್ರ ಗೊಣಗಿದ್ರು, ಭಾಯ್ ಹತ್ರ ಕೇಳಿದ್ರು, ಅಕ್ಕನಿಗೆ ಫೋನ್ ಮಾಡಿದ್ರು. ಅಕ್ಕ ಕೇಳಿದ್ದು ಒಂದೇ, ನಮ್ಮ ಗೇಟಲ್ಲಿ ಹೋಗುತ್ತಾ ಅಂತ. (ರಾಜಾಜಿನಗರದ 30-40 ಸೈಟಿನ ಮನೆ, ಗೇಟ್ ಅಳತೆ ಹಿಡಿದೇ ನಾವು ಗಾಡಿ ಹುಡುಕೋಕೆ ಹೊರಟಿದ್ದು, ಎರಡು ಮಾಡೆಲ್ ಹೊಸ್ತಿಲಲ್ಲೇ ಔಟಾಗಿದ್ವು.) ಭಾಯ್ ಮಾತ್ರ, ತಗೊಳ್ಳಿ ಬಿಡಿ ಅಂತ ಯಾವತ್ತೂ ಹೇಳೋ ಮನುಷ್ಯ ಅಲ್ಲ, "ಇದಕ್ಕೆ ಏನ್ ಖರ್ಚು ಬರುತ್ತೆ ಅಂತ ನಾನು ಹೇಳಬಲ್ಲೆ ಸಾರ್, ಮೊದಲನೇದಕ್ಕೆ ಆಗಲ್ಲ" ಅಂದ್ರು.

ತಗೊಂಡ್ರು. ಮೊದಲನೇ ತಿಂಗಳಲ್ಲೇ ಲೋವರ್ ಆರ್ಮ್, ಗ್ಯಾಸ್ಕೆಟ್, ಕೂಲಂಟ್ ಪೈಪು, ಥರ್ಮೋಸ್ಟ್ಯಾಟ್, ಬ್ರೇಕ್ ಆಯಿಲ್ ಎಲ್ಲಾ ಮಾಡಿಸಿ ಎರಡು ಲಕ್ಷದ ಹತ್ರ ಹೋಯ್ತು, ಭಾಯ್ ಮುಂಚೇನೇ ಬರೆದು ಕೊಟ್ಟ ಎಸ್ಟಿಮೇಟಿಗೆ ಆರು ಸಾವಿರ ಹೆಚ್ಚು. ಏರ್ ಸಸ್ಪೆನ್ಷನ್ ಇಲ್ಲದ ಮಾಡೆಲ್, ಸ್ಪ್ರಿಂಗು, ಭಾವ ಅದನ್ನೀಗ ಯಾರು ಸಿಕ್ಕಿದ್ರೂ ತಾನೇ ಹುಡುಕಿ ಆರಿಸಿದ ಹಾಗೆ ಹೇಳ್ತಾರೆ. ಇಲ್ಲಿವರೆಗೂ ಕೈಕೊಟ್ಟಿದ್ದು ಒಂದೇ, ಅದು ಯಾವ ಫೈಲಲ್ಲೂ ಇರ್ಲಿಲ್ಲ, ಸ್ಕ್ಯಾನರಲ್ಲೂ ಇರ್ಲಿಲ್ಲ. ಹಿಂದಿನ ಡಿಕ್ಕಿ ಬಾಗಿಲಿನ ಮೋಟಾರು. ಗಾಂಧಿ ಬಜಾರಲ್ಲಿ ಅಕ್ಕ ಎರಡೂ ಕೈಯಲ್ಲಿ ಬ್ಯಾಗ್ ಹಿಡ್ಕೊಂಡು ನಿಂತಿದ್ದಾಳೆ, ಬಾಗಿಲು ಅರ್ಧಕ್ಕೆ ಎದ್ದು ನಿಂತಿದೆ, ಹಿಂದೆ ಆಟೋದೋನು ಹಾರ್ನ್ ಹೊಡೀತಿದಾನೆ. ಹೊಸ ಮೋಟಾರಿನ ರೇಟ್ ಕೇಳಿ ಭಾವ ಶಿವಾಜಿನಗರದಲ್ಲಿ ಹಳೇದು ಸಿಗುತ್ತಾ ನೋಡಿ ಅಂತ ಭಾಯ್‌ಗೆ ಹೇಳಿಟ್ಟಿದಾರೆ. ಸಿಗೋವರೆಗೂ ತರಕಾರಿ ಹಿಂದಿನ ಸೀಟಲ್ಲಿ.